ರೆಕ್ಕೆ ಒರೆಸಿ, ಆಮೇಲೆ ಫ್ಯಾನ್ ಹಾಕಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಬಂಧುಗಳೇ,

ಶಿವರಾತ್ರಿ ಕಳೆಯಿತೆಂದರೆ ನಮ್ಮ ಕಡೆ ಬಿಸಿಲೇರುತ್ತದೆ. ಚಳಿಗಾಲವಿಡೀ ಸುಮ್ಮನಿದ್ದ ಫ್ಯಾನುಗಳು ಮನೆಮನೆಯಲ್ಲೂ ತಿರುಗತೊಡಗುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ತುಂಬಿ ತುಳುಕುವ ಕಾಲವೂ ಇದೇ. ಅದಕ್ಕೇ ಈ ಮನವಿ: ಸ್ವಿಚ್ ಒತ್ತುವ ಮೊದಲು ಫ್ಯಾನಿನ ರೆಕ್ಕೆಗಳನ್ನು ಒರೆಸಿ.

ನಮ್ಮ ಊರುಗಳಲ್ಲಿ ಧೂಳಿಗೇನೂ ಬರವಿಲ್ಲ. 48ನೇ ರಾಷ್ಟ್ರೀಯ ಹೆದ್ದಾರಿ ಹಾವೇರಿ, ಮೋಟೆಬೆನ್ನೂರು, ರಾಣೇಬೆನ್ನೂರುಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಗೋವಿನಜೋಳ ಒಕ್ಕುವಾಗ ಹೊಟ್ಟು ಹಾರುತ್ತದೆ, ಬೇಸಿಗೆಯ ಗಾಳಿಗೆ ಹೊಲದ ಮಣ್ಣು ಏಳುತ್ತದೆ. ಬ್ಯಾಡಗಿಯಲ್ಲಿ ಇವೆಲ್ಲದರ ಜೊತೆಗೆ ಮೆಣಸಿನಕಾಯಿಯ ಪುಡಿಯೂ ಉಂಟು. 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೂ ಅದರ ಘಾಟು ಮೂಗಿಗೇರಿದರೆ ಸೀನು, ಕೆಮ್ಮು ತಪ್ಪಿದ್ದಲ್ಲ.

ನಿಮಿಷಕ್ಕೆ 300ಕ್ಕೂ ಹೆಚ್ಚು ಸುತ್ತು ತಿರುಗುವ ರೆಕ್ಕೆಯ ಮೇಲೆ ಧೂಳು ನಿಲ್ಲುವುದಾದರೂ ಹೇಗೆ? ರೆಕ್ಕೆಗೆ ತಾಗಿಕೊಂಡಿರುವ ತೆಳುವಾದ ಗಾಳಿಯ ಪದರವೂ ರೆಕ್ಕೆಯ ಜೊತೆಗೇ ಸುತ್ತುತ್ತದೆ. ಆ ಪದರದೊಳಗೆ ಸೇರಿದ ನವಿರು ಧೂಳಿಗೆ ಹೊರಗಿನ ಗಾಳಿಯ ರಭಸ ತಟ್ಟುವುದೇ ಇಲ್ಲ. ಇನ್ನು ಸುತ್ತುವ ವೇಗಕ್ಕೆ ಸಿಡಿದುಹೋಗಬೇಕಲ್ಲ ಎಂದರೆ, ಕಣ ಹತ್ತು ಪಟ್ಟು ಚಿಕ್ಕದಾದರೆ ಅದನ್ನು ಹೊರಗೆಸೆಯುವ ಬಲ ಸಾವಿರ ಪಟ್ಟು ಕುಗ್ಗುತ್ತದೆ. ಅಂಟಿ ಹಿಡಿಯುವ ಬಲ ಕುಗ್ಗುವುದು ಸುಮಾರು ಹತ್ತು ಪಟ್ಟು ಮಾತ್ರ. ಹೀಗಾಗಿ ದಪ್ಪ ಕಣ ಉದುರಿದರೂ ಸಣ್ಣದು ಬಿಡುವುದಿಲ್ಲ. ಒಗ್ಗರಣೆಯ ಎಣ್ಣೆಯ ಹಬೆ ಅದನ್ನು ಇನ್ನಷ್ಟು ಗಟ್ಟಿಯಾಗಿ ಅಂಟಿಸುತ್ತದೆ. ಗಾಳಿಯನ್ನು ಸೀಳಿಕೊಂಡು ಮುಂದೆ ಸಾಗುವ ಅಂಚಿಗೆ ಕಣಗಳು ನೇರವಾಗಿ ಬಡಿಯುತ್ತವೆ. ಸ್ಟೂಲ್ ಹತ್ತಿ ನೋಡಿ, ಆ ಅಂಚಿನ ಉದ್ದಕ್ಕೂ ಕಪ್ಪು ಗೆರೆ ಕಟ್ಟಿರುತ್ತದೆ.

ಈ ಧೂಳಿನ ಪದರ ದಪ್ಪವಾದಂತೆ ತುಣುಕು ತುಣುಕಾಗಿ ಕಳಚಿ, ಕೆಳಗೆ ಮಲಗಿದ ಕೂಸಿನ ಮೇಲೆ, ದಮ್ಮಿರುವ ಹಿರಿಯರ ಹಾಸಿಗೆಯ ಮೇಲೆ ಬೀಳುತ್ತದೆ. ಒಣ ಪೊರಕೆಯಿಂದ ಬಡಿದರೂ ಅದೇ ಕಥೆ: ರೆಕ್ಕೆಯ ಮೇಲಿದ್ದ ಧೂಳು ಕೋಣೆಯ ತುಂಬ ಹರಡುತ್ತದೆ.

ಹಳೆಯ ದಿಂಬಿನ ಚೀಲವೊಂದಿದ್ದರೆ ಸಾಕು. ಮೇನ್ ಸ್ವಿಚ್ ಆಫ್ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಚೀಲವನ್ನು ರೆಕ್ಕೆಗೆ ತೊಡಿಸಿ, ಎರಡೂ ಕಡೆ ಒತ್ತಿ ಹಿಡಿದು ಮೆಲ್ಲಗೆ ಎಳೆಯಿರಿ. ಧೂಳೆಲ್ಲ ಚೀಲದೊಳಗೇ ಉಳಿಯುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಜಿಡ್ಡು ತೆಗೆದು, ಒಣ ಬಟ್ಟೆಯಿಂದ ಒರೆಸಿ. ಮೋಟಾರಿಗೆ ನೀರು ತಾಗದಿರಲಿ. ವಯಸ್ಸಾದವರನ್ನು ಸ್ಟೂಲ್ ಹತ್ತಿಸಬೇಡಿ. ಮನೆಯ ಹುಡುಗರು ಈ ಕೆಲಸಕ್ಕೆ ಮುಂದೆ ಬರಲಿ.

ಯುಗಾದಿಗೊಮ್ಮೆ, ಮಹಾನವಮಿಗೊಮ್ಮೆ ಮನೆ ತೊಳೆಯುವ ರೂಢಿ ನಮ್ಮಲ್ಲಿದೆ. ಧೂಳು ಹಬ್ಬದವರೆಗೆ ಕಾಯುವುದಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ರೆಕ್ಕೆ ಒರೆಸೋಣ. ದಲಾಲಿ ಅಂಗಡಿಗಳ ಮಾಲೀಕರಲ್ಲಿ ವಿಶೇಷ ವಿನಂತಿ: ದಿನವಿಡೀ ಮೆಣಸಿನಕಾಯಿಯ ನಡುವೆ ದುಡಿಯುವ ಹಮಾಲರ, ತೊಟ್ಟು ಬಿಡಿಸುವ ತಾಯಂದಿರ ತಲೆಯ ಮೇಲಿನ ಫ್ಯಾನನ್ನು ವಾರಕ್ಕೊಮ್ಮೆಯಾದರೂ ಒರೆಸಿಸಿ. ಶಾಲೆ, ಅಂಗನವಾಡಿ, ಹಾಸ್ಟೆಲುಗಳ ಹೊಣೆ ಹೊತ್ತವರೇ, ಮಕ್ಕಳಿಲ್ಲದ ಹೊತ್ತು ನೋಡಿ ಈ ಕೆಲಸ ಮಾಡಿಸಿ. ಇದಕ್ಕೆ ಖರ್ಚಿಲ್ಲ, ಯಾರ ಆದೇಶಕ್ಕೂ ಕಾಯಬೇಕಿಲ್ಲ. ಬರುವ ಭಾನುವಾರವೇ ಶುರು ಮಾಡಿ, ನೆರೆಮನೆಯವರಿಗೂ ಹೇಳಿ.