ಸದಕಾ ಅಲ್ಲ, ಹಕ್ಕು

ಔರಾದ್ ತಾಲೂಕಿನ ಎಕಂಬಾದಂತಹ ಊರುಗಳಿಂದ, ಭಾಲ್ಕಿ-ಬೀದರ್‌ಗಳ ಮೊಹಲ್ಲಾಗಳಿಂದ ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋಗುವ ಯುವಕರು ಇಂದು ಆ್ಯಪ್ ಕಂಪೆನಿಗಳ ಚೀಲವನ್ನು ಬೆನ್ನಿಗೇರಿಸಿಕೊಂಡಿದ್ದಾರೆ. ಕಂಪೆನಿಗಳು ಅವರನ್ನು ಕಾರ್ಮಿಕರೆನ್ನುವುದಿಲ್ಲ, 'ಪಾಲುದಾರ'ರೆನ್ನುತ್ತವೆ. ಲಾಭದಲ್ಲಿ ಪಾಲಿಲ್ಲದ ವಿಚಿತ್ರ ಪಾಲುದಾರಿಕೆಯಿದು! ಬೈಕು ಅವನದು, ಪೆಟ್ರೋಲು ಅವನದು, ಅಪಘಾತವಾದರೆ ಮುರಿಯುವ ಕಾಲೂ ಅವನದೇ. ದರ ನಿಗದಿಯ ಅಧಿಕಾರ ಮಾತ್ರ ಕಂಪೆನಿಯದು.

ಇಂಥವನೊಬ್ಬ ರಸ್ತೆಯಲ್ಲಿ ಬಿದ್ದಾಗ ನಾವು ಜುಮಾ ನಮಾಝಿನ ಬಳಿಕ ಚಂದಾ ಸಂಗ್ರಹಿಸುತ್ತೇವೆ. ಅದು ಪುಣ್ಯಕಾರ್ಯವೇ. ಆದರೆ ಅವನಿಗೆ ಸಲ್ಲಬೇಕಾದುದು ಸದಕಾ ಅಲ್ಲ, ಹಕ್ಕು. ಬೆವರು ಆರುವ ಮುನ್ನ ಕೂಲಿ ತೀರಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ವಾದಿಯಾಗುವನೆಂದು ಎಚ್ಚರಿಸಿದರು.

ಈ ಹಕ್ಕಿನ ಒಂದಂಶ ಈಗ ಕಾನೂನಿನ ರೂಪ ಪಡೆದಿದೆ. 2023ರಲ್ಲಿ ರಾಜಸ್ಥಾನ ದಾರಿ ತೋರಿತು. ಕರ್ನಾಟಕವು 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಅದರಂತೆ ಕಾರ್ಮಿಕನಿಗೆ ನೀಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರಷ್ಟನ್ನು ಕಂಪೆನಿಯು ಕಲ್ಯಾಣ ನಿಧಿಗೆ ಸಲ್ಲಿಸಬೇಕು. ಕೆಲಸದಿಂದ ತೆಗೆಯುವಾಗ ಸಾಮಾನ್ಯವಾಗಿ ಕಾರಣ ತಿಳಿಸಿ 14 ದಿನಗಳ ಮುನ್ಸೂಚನೆ ಕೊಡಬೇಕು. ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೂ ಸ್ಥಾನವಿದೆ.

ಇದು ಯಾರದೋ ಔದಾರ್ಯದಿಂದ ಬಂದುದಲ್ಲ. ಆ್ಯಪ್ ಆಧಾರಿತ ಸಾರಿಗೆ ಕಾರ್ಮಿಕರ ಒಕ್ಕೂಟವು 2021ರಲ್ಲೇ ಸಾಮಾಜಿಕ ಭದ್ರತೆ ಕೋರಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಕಾರ್ಮಿಕರು ಸಂಘಟಿತರಾಗಿ ಧ್ವನಿಯೆತ್ತದಿರುತ್ತಿದ್ದರೆ ಸರಕಾರಗಳ ಕಿವಿಗೆ ಅದು ಬೀಳುತ್ತಿರಲಿಲ್ಲ. ಆದರೂ ಕೊರತೆಗಳಿವೆ. ಈ ಕಾಯ್ದೆ ಕನಿಷ್ಠ ವೇತನದ ಖಾತರಿ ನೀಡುವುದಿಲ್ಲ. ಹೈದರಾಬಾದಿನಲ್ಲಿ ದುಡಿಯುವ ಬೀದರಿನ ಹುಡುಗನಿಗೆ ಇದರ ನೆರಳೂ ತಲುಪದು. ಗಡಿ ಜಿಲ್ಲೆಯ ಈ ಪ್ರಶ್ನೆಯನ್ನು ನಮ್ಮ ಜನಪ್ರತಿನಿಧಿಗಳು ಎತ್ತಬೇಕಾಗಿದೆ.

ಯೂನಿಯನ್ ಎಂದರೆ ಬರೀ ಜಗಳವೆಂದು ದೂರ ಸರಿಯುವವರು ನಮ್ಮಲ್ಲಿದ್ದಾರೆ. ಅವರು ಮಕ್ಕಾದ ಹಿಲ್ಫುಲ್ ಫುಝೂಲ್ ಒಪ್ಪಂದವನ್ನು ನೆನಪಿಸಿಕೊಳ್ಳಲಿ. ಸರಕಿನ ಬೆಲೆ ಸಿಗದೆ ವಂಚಿತನಾದ ಪರವೂರಿನ ವ್ಯಾಪಾರಿಯೊಬ್ಬನ ಮೊರೆಗೆ ಓಗೊಟ್ಟು, ಮರ್ದಿತನ ಪರ ನಿಲ್ಲುವೆವೆಂದು ಅಲ್ಲಿನ ಜನ ಒಂದುಗೂಡಿದ್ದರು. ಪ್ರವಾದಿತ್ವಕ್ಕೆ ಮುನ್ನ ಪ್ರವಾದಿ(ಸ)ರೂ ಅದರಲ್ಲಿ ಭಾಗಿಯಾಗಿದ್ದರು.

ಆದ್ದರಿಂದ ಮಸೀದಿ ಜಮಾಅತ್‌ಗಳು ಈ ಯುವಕರ ಇ-ಶ್ರಮ್ ಹಾಗೂ ಮಂಡಳಿಯ ನೋಂದಣಿಗೆ ನೆರವಾಗಲಿ, ಸಂಘಟಿತರಾಗುವಂತೆ ಪ್ರೋತ್ಸಾಹಿಸಲಿ. ಜೊತೆಗೆ ಆತ್ಮಾವಲೋಕನವೂ ನಡೆಯಲಿ. ನಮ್ಮದೇ ಅಂಗಡಿ, ಹೊಟೇಲುಗಳ ಕೆಲಸದವರ ಸಂಬಳವನ್ನು ಬಾಕಿಯಿಟ್ಟು ಕಂಪೆನಿಗಳನ್ನು ದೂರುವ ನೈತಿಕ ಹಕ್ಕು ನಮಗಿದೆಯೇ?