ಅರಿವಳಿಕೆಗೆ ಮೊದಲು ಕೇಳಬೇಕಾದ ಪ್ರಶ್ನೆ

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿದಿದೆ, ಹೊಲಿಗೆಯೂ ಆಗಿದೆ. ರೋಗಿಗೆ ಮಾತ್ರ ತಾನಾಗಿ ಉಸಿರಾಡಲು ಆಗುತ್ತಿಲ್ಲ. ಅರಿವಳಿಕೆ ತಜ್ಞರು ಇದನ್ನು ‘ಸ್ಕೋಲಿನ್ ಆಪ್ನಿಯಾ’ ಎನ್ನುತ್ತಾರೆ. ಶ್ವಾಸನಾಳಕ್ಕೆ ಕೊಳವೆ ಇಳಿಸುವ ಮುನ್ನ ಸ್ನಾಯುಗಳನ್ನು ಸಡಿಲಗೊಳಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಅಗ್ಗದ ಚುಚ್ಚುಮದ್ದು ಇದಕ್ಕೆ ಕಾರಣ. ರಕ್ತದಲ್ಲಿರುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಈ ಮದ್ದನ್ನು ಒಡೆದುಹಾಕುವುದರಿಂದ ಬಹುತೇಕರಲ್ಲಿ ಅದರ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಆ ಕಿಣ್ವ ಕೆಲಸ ಮಾಡದವರಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ. ವೆಂಟಿಲೇಟರ್ ಇದ್ದು, ವೈದ್ಯರಿಗೆ ಸಂಗತಿ ಹೊಳೆದರೆ ರೋಗಿ ಚೇತರಿಸಿಕೊಳ್ಳುತ್ತಾರೆ. ಹೊಳೆಯದಿದ್ದರೆ, ಪ್ರಜ್ಞೆ ಮರಳಿದ ಮೇಲೂ ಕಣ್ಣರೆಪ್ಪೆಯನ್ನೂ ಅಲುಗಿಸಲಾಗದೆ ಮಲಗಿರಬೇಕಾದ ಯಾತನೆ ಅವರದಾಗಬಹುದು. ವೆಂಟಿಲೇಟರ್ ಇಲ್ಲದ ಕಡೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ವ್ಯತ್ಯಾಸ ವಂಶಪಾರಂಪರ್ಯವಾದದ್ದು ಎಂಬುದನ್ನು 1957ರಲ್ಲಿ ತೋರಿಸಿಕೊಟ್ಟವರು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಔಷಧ ವಿಜ್ಞಾನಿ ವರ್ನರ್ ಕಾಲೋ. ಕಿಣ್ವದ ಪ್ರಮಾಣ ಕಡಿಮೆಯಿರಬಹುದು ಎಂಬ ಊಹೆಗೇ ತೃಪ್ತರಾಗದೆ, ಡೈಬುಕೇನ್ ಎಂಬ ರಾಸಾಯನಿಕವನ್ನು ಬಳಸುವ ಸರಳ ಪರೀಕ್ಷೆಯೊಂದನ್ನು ಅವರು ರೂಪಿಸಿದರು. ಕೆಲವರಲ್ಲಿ ಕಿಣ್ವದ ಗುಣವೇ ಬೇರೆ ಎಂಬುದು ಅದರಿಂದ ಖಚಿತವಾಯಿತು. ಔಷಧಕ್ಕೂ ವಂಶವಾಹಿಗೂ ಇರುವ ನಂಟನ್ನು ವಿವರಿಸುವ ಫಾರ್ಮಕೊಜೆನೆಟಿಕ್ಸ್ ಶಾಸ್ತ್ರದ ಕುರಿತು 1962ರಲ್ಲಿ ಅವರು ಗ್ರಂಥವನ್ನೇ ಬರೆದರು. ‘ಈ ಮದ್ದು ನಮ್ಮ ಮೈಗೆ ಒಗ್ಗುವುದಿಲ್ಲ’ ಎಂದು ಹಿರಿಯರು ಹೇಳಿದರೆ ನಕ್ಕು ಸುಮ್ಮನಾಗುವವರು ಅದನ್ನೊಮ್ಮೆ ತಿರುವಿಹಾಕುವುದು ಒಳ್ಳೆಯದು.

ಟೊರಾಂಟೊದ ಈ ಸಂಶೋಧನೆ ನಮಗೆ ದೂರದ ಸಂಗತಿಯೇನಲ್ಲ. ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಈ ಕಿಣ್ವದ ಕೊರತೆ ಇತರರಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಎಂಬುದನ್ನು ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡ್‌ನ ಡೇವಿಡ್ ರೈಕ್ ಅವರ ತಂಡ 2017ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಎತ್ತಿ ತೋರಿಸಿತು. ಇದರ ಹಿಂದಿರುವ ವಂಶವಾಹಿಯ ಬದಲಾವಣೆ 2006ರಲ್ಲಿಯೇ ವರದಿಯಾಗಿತ್ತು. ಸಣ್ಣ ಮೂಲಗುಂಪೊಂದು ಅನೇಕ ತಲೆಮಾರು ತನ್ನೊಳಗೇ ಹೆಣ್ಣು ಕೊಟ್ಟು ತಂದುಕೊಂಡಾಗ, ಮೂಲದವರಲ್ಲಿ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಬಹುಜನರಿಗೆ ಹರಿದುಬರುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ನಾಚಿಕೆಪಡುವಂಥದ್ದೂ ಇಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗುವವರೆಗೆ ಇಂಥವರು ಎಲ್ಲರಷ್ಟೇ ಆರೋಗ್ಯವಂತರು.

ಹಾಗೆಂದು ರೋಗಿಯ ಜಾತಿ ಕೇಳಿ ಮದ್ದು ನಿರ್ಧರಿಸುವ ಅಭ್ಯಾಸ ಆಸ್ಪತ್ರೆಗಳಲ್ಲಿ ಬೆಳೆಯುವುದು ಉಚಿತವಲ್ಲ. ಆ ಸಮುದಾಯದ ಬಹುಪಾಲು ಜನರಿಗೆ ಈ ಮದ್ದಿನಿಂದ ತೊಂದರೆಯಿಲ್ಲ. ಅದಕ್ಕೆ ಸೇರದ ಎಷ್ಟೋ ಮಂದಿಗೆ ತೊಂದರೆ ಇದ್ದೀತು. ಜಾತಿಯನ್ನು ನೆಚ್ಚಿಕೊಂಡ ವೈದ್ಯರು ಒಬ್ಬರನ್ನು ವೃಥಾ ಹೆದರಿಸಿ, ಮತ್ತೊಬ್ಬರ ವಿಷಯದಲ್ಲಿ ಮೈಮರೆಯುವ ಸಾಧ್ಯತೆಯೇ ಹೆಚ್ಚು. ಜಾತಿಯ ಸುಳಿವು ಎಚ್ಚರಿಕೆಗೆ ನೆರವಾಗಬಹುದು, ತೀರ್ಮಾನಕ್ಕೆ ಆಧಾರವಾಗಬಾರದು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ನಿಮಗಾಗಲಿ, ನಿಮ್ಮ ಒಡಹುಟ್ಟಿದವರಿಗಾಗಲಿ ಅರಿವಳಿಕೆಯ ನಂತರ ಉಸಿರಾಟ ಮರಳಲು ತಡವಾಗಿದ್ದುಂಟೇ? ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಬರುವ ಪ್ರತಿಯೊಬ್ಬರಿಂದಲೂ ಇದಕ್ಕೆ ಉತ್ತರ ಪಡೆದು ದಾಖಲಿಸಬೇಕು. ಸಂಶಯ ಬಂದಲ್ಲಿ ರಕ್ತಪರೀಕ್ಷೆ ಆಗಬೇಕು.

ಇದಕ್ಕೆ ದುಬಾರಿ ಯಂತ್ರಗಳೂ ಬೇಕಿಲ್ಲ. ಕೀಟನಾಶಕ ಸೇವಿಸಿ ಆಸ್ಪತ್ರೆಗೆ ಬರುವ ರೈತರಲ್ಲಿ ವಿಷದ ತೀವ್ರತೆ ಅರಿಯಲು ವೈದ್ಯರು ಅಳೆಯುವುದು ಇದೇ ಕಿಣ್ವವನ್ನು. ನಮ್ಮ ಪ್ರಯೋಗಾಲಯಗಳಿಗೆ ಇಂಥ ದುರಂತದ ಮೂಲಕ ಪರಿಚಿತವಾದ ಪರೀಕ್ಷೆ ದುರಂತ ತಪ್ಪಿಸಲು ಬಳಕೆಯಾಗಬಾರದೇಕೆ? ಕಿಣ್ವದ ಕೊರತೆ ಕಂಡುಬಂದರೆ ರೋಕುರೋನಿಯಂನಂಥ ಬದಲಿ ಔಷಧವೂ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದುವ ಯೋಜನೆ ನಡೆದು, 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ಮುಕ್ತವಾಯಿತು. ಹೆಮ್ಮೆಯ ಕೆಲಸವೇ ಸರಿ. ಆದರೆ ದಶಕಗಳಿಂದ ತಿಳಿದಿರುವ ಒಂದೇ ಒಂದು ಕಿಣ್ವದ ವಿಚಾರವನ್ನು ತಾಲ್ಲೂಕು ಆಸ್ಪತ್ರೆಯ ನಮೂನೆಯೊಳಗೆ ತರಲಾಗದ ವ್ಯವಸ್ಥೆ, ಹತ್ತು ಸಾವಿರ ಜೀನೋಮ್‌ಗಳಿಂದ ಹೊರಬರುವ ತಿಳಿವಳಿಕೆಯನ್ನು ರೋಗಿಯ ಹಾಸಿಗೆಯವರೆಗೆ ಹೇಗೆ ಮುಟ್ಟಿಸೀತು?

ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆಯಿಂದ ಆರಂಭಿಸಬಹುದು. ಈ ತೊಂದರೆ ಕಂಡುಬಂದ ರೋಗಿಯನ್ನು ಮನೆಗೆ ಕಳುಹಿಸುವ ಮುನ್ನ, ತಪ್ಪಿಸಬೇಕಾದ ಮದ್ದಿನ ಹೆಸರನ್ನು ಕನ್ನಡದಲ್ಲಿ ಬರೆದ ಚೀಟಿಯೊಂದನ್ನು ಕೈಗಿತ್ತು, ಅಣ್ಣ-ತಮ್ಮಂದಿರನ್ನೂ ಅಕ್ಕ-ತಂಗಿಯರನ್ನೂ ರಕ್ತಪರೀಕ್ಷೆಗೆ ಕರೆಸಿಕೊಳ್ಳುವುದು ಕಡ್ಡಾಯವಾಗಲಿ.