ಗಿಳಿಗೊಂದು ಕಾಯಕ



ಕಳೆದ ಶ್ರಾವಣ ಮಾಸದಲ್ಲಿ ಬೀಳಗಿಯ ಪರಿಚಿತ ಮನೆತನವೊಂದಕ್ಕೆ ಪ್ರಸಾದಕ್ಕೆಂದು ಹೋಗಿದ್ದೆವು. ಪಡಸಾಲೆಯಲ್ಲಿ ಕಂಬಳಿ ಹಾಸಿ ನಮ್ಮನ್ನು ಕುಳ್ಳಿರಿಸಿದರು. ಕುಶಲ ಪ್ರಶ್ನೆ ಮುಗಿಯುವ ಮೊದಲೇ ಮೂಲೆಯಿಂದ ಕಿವಿ ಸೀಳುವಂತಹ ಕೂಗೊಂದು ಎದ್ದಿತು. ತಿರುಗಿ ನೋಡಿದರೆ, ಜಂತಿಗೆ ತೂಗುಹಾಕಿದ ಪಂಜರದಲ್ಲಿ ಅರಿಸಿನ ಕುಂಕುಮಗಳನ್ನು ಕಲಸಿ ಬಳಿದಂತಹ ಮೈಬಣ್ಣದ ಗಿಳಿಯೊಂದು ಕಂಬಿಗೆ ತಲೆಕೆಳಗಾಗಿ ಜೋತುಬಿದ್ದು ನಮ್ಮನ್ನೇ ದಿಟ್ಟಿಸುತ್ತಿತ್ತು.

ಇದು ನಮ್ಮ ಹೊಲಗಳ ಹಸಿರು ಗಿಳಿಯಲ್ಲ. ದಕ್ಷಿಣ ಅಮೆರಿಕದ ಮೂಲದ ‘ಸನ್ ಕೊನ್ಯೂರ್’ ಎಂಬ ಜಾತಿಯದು. ಆ ಮನೆಯ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಅದನ್ನು ಕೊಂಡು ಸಾಕಿದ್ದನಂತೆ. ಕೆಲಸದ ಮೇಲೆ ಎರಡು ವರ್ಷ ಜರ್ಮನಿಗೆ ಹೊರಟುನಿಂತಾಗ ಪಂಜರಸಮೇತ ಊರಿಗೆ ತಂದು ತಂದೆ ತಾಯಿಗಳ ಕೈಗೊಪ್ಪಿಸಿ ಹೋಗಿದ್ದಾನೆ. ಹೆಸರು ಬಂಗಾರಿ. ಹೆಸರಿಗೆ ತಕ್ಕ ರೂಪ. ಗುಣ ಮಾತ್ರ ಬೇರೆ. ಮೂರು ಪ್ಲಾಸ್ಟಿಕ್ ಬಟ್ಟಲುಗಳು, ಪಂಜರದೊಳಗಿನ ಅಡ್ಡಕೋಲು, ಅಜ್ಜಿಯವರ ಚಾಳೀಸಿನ ಒಂದು ಕಾಲು, ಮೊಬೈಲಿನ ಚಾರ್ಜರು ಇವೆಲ್ಲ ಅದರ ಚುಂಚಿಗೆ ಬಲಿಯಾಗಿದ್ದವು. ಪಂಜರದ ಪಕ್ಕದ ಗೋಡೆಗೆ ತೂಗಿದ್ದ ಪಂಚಾಂಗವನ್ನು ಭಾದ್ರಪದದಿಂದ ಮುಂದಕ್ಕೆ ಚೂರುಚೂರು ಮಾಡಿತ್ತು. ಗಣೇಶ ಚೌತಿ ಯಾವ ದಿನವೆಂದು ನೆರೆಮನೆಯವರನ್ನು ಕೇಳಬೇಕಾದ ಪರಿಸ್ಥಿತಿ!

“ಇದು ಗಿಣಿ ಅಲ್ರೀ, ರೆಕ್ಕಿ ಬಂದ ಇಲಿ ಐತಿ” ಎಂದರು ಮನೆಯ ಯಜಮಾನರು. “ಅಮಾಸಿ ಒಂದು ಮುಗೀಲಿ, ಹಿನ್ನೀರ ದಂಡಿಗೆ ಒಯ್ದು ಬಿಟ್ಟು ಬರ್ತೀನಿ. ಅದರ ಪಾಡು ಅದು ನೋಡ್ಕೋತೈತಿ.”

ಒಳಬಾಗಿಲಲ್ಲಿ ಕುಳಿತಿದ್ದ ಅವರ ತಾಯಿಯವರು ಮೆಲ್ಲಗೆ ಹೇಳಿದರು: “ಯಪ್ಪಾ, ಬಾಯಿಲ್ಲದ ಜೀವ ಅಂತ ನಾ ಅನ್ನೂದಿಲ್ಲ, ಅದಕ ಬಾಯಿ ಭಾಳ ಐತಿ. ಆದ್ರ ಹೊರಗ ಹಾಕಬ್ಯಾಡ.”

ಮಗ ಉತ್ತರಿಸಲಿಲ್ಲ. ಆ ಮಾತು ನಮ್ಮನ್ನು ತಟ್ಟಿತು. ಅದಕ್ಕೆ ಕಾರಣ ನಮ್ಮ ಬಾಲ್ಯದ್ದು.

ನಾವು ಚಿಕ್ಕವರಿದ್ದಾಗ ನಮ್ಮ ಮನೆಯಲ್ಲೂ ಒಂದು ಗಿಳಿಯಿತ್ತು. ಕೆಂಪು ಕೊಕ್ಕಿನ, ಕೊರಳಲ್ಲಿ ಗೆರೆಯಿದ್ದ ನಾಡಗಿಳಿ. ಜಾತ್ರೆಯಿಂದ ತಂದದ್ದು. ರೆಕ್ಕೆ ಬಿಚ್ಚಲೂ ಬಾರದಷ್ಟು ಸಣ್ಣ ಕಬ್ಬಿಣದ ಪಂಜರ. ಹಸಿಮೆಣಸಿನಕಾಯಿ, ಪೇರಲ ಹಣ್ಣು, ನೆನೆಸಿದ ಕಡಲೆ ಯಾವುದಕ್ಕೂ ಕೊರತೆಯಿರಲಿಲ್ಲ. ‘ಶಿವಾ’ ಎನ್ನಲು ಕಲಿಸಿದ್ದೆವು; ಬಂದವರೆಲ್ಲ ಮೆಚ್ಚುತ್ತಿದ್ದರು. ಆದರೆ ಅದು ಪಂಜರ ತೂಗಿದ ಕಟ್ಟಿಗೆಯ ಕಂಬವನ್ನು ಕಡಿಯುತ್ತಿತ್ತು. ಕಡಿದಾಗಲೆಲ್ಲ ಹಿರಿಯರು ಕೋಲಿನಿಂದ ಪಂಜರಕ್ಕೆ ಬಡಿಯುತ್ತಿದ್ದರು, ಇಲ್ಲವೆ ಬಟ್ಟೆ ಮುಚ್ಚುತ್ತಿದ್ದರು. ಕೆಲವು ತಿಂಗಳ ನಂತರ ಅದು ಕಂಬದ ಗೊಡವೆ ಬಿಟ್ಟಿತು. ಬುದ್ಧಿ ಬಂತೆಂದು ನಾವೆಲ್ಲ ಸಂತೋಷಪಟ್ಟೆವು. ಕಂಬ ಬಿಟ್ಟದ್ದು ತನ್ನ ಎದೆಯ ಗರಿಗಳನ್ನು ಕೀಳತೊಡಗಿತು. ಮನೆಯಲ್ಲಿ ದೃಷ್ಟಿಯಾಗಿದೆಯೆಂದು ನಿವಾಳಿಸಿದರು. ಎದೆ ಬೋಳಾಗಿ ಚರ್ಮ ಕಾಣಿಸಿತು. ಒಂದು ಚಳಿಗಾಲದ ಬೆಳಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ರೋಗವೆಂದೇ ಬಹುಕಾಲ ನಂಬಿದ್ದೆವು. ಆ ಪಕ್ಷಿಗೆ ನಾವು ಅನ್ನವನ್ನು ಕೊಟ್ಟು ಕೆಲಸವನ್ನು ಕಿತ್ತುಕೊಂಡಿದ್ದೆವು ಎಂಬುದು ತಿಳಿದದ್ದು ಬಹಳ ತಡವಾಗಿ.

ಕಡಿಯುವುದು ಗಿಳಿಯ ತುಂಟತನವಲ್ಲ. ಅದರ ಕೊಕ್ಕು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಕಡಿದು ಅರೆದು ಸವೆಸದಿದ್ದರೆ ಅದಕ್ಕೇ ತೊಂದರೆ. ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವುದರಿಂದ ಅದು ಕಾಯನ್ನು ನಮ್ಮ ಕೈಯಂತೆ ಹಿಡಿದು ತಿರುಗಿಸಿ ಸುಲಿಯಬಲ್ಲದು. ಹೊಲದ ಗಿಳಿಯನ್ನು ನೋಡಿರಿ: ಬೆಳಕು ಹರಿದಾಗ ಹಿಂಡಿನೊಡನೆ ಹೊರಟರೆ ತೆನೆ ಹುಡುಕುವುದು, ಸುಲಿಯುವುದು, ಟೊಂಗೆಯ ತೊಗಟೆ ಕೀಳುವುದು, ಪೊಟರೆಯ ಬಾಯನ್ನು ಅಗಲಿಸುವುದು, ಜೊತೆಯವರನ್ನು ಕೂಗುವುದು ಇದರಲ್ಲೇ ಅದರ ಹಗಲು ಕಳೆಯುತ್ತದೆ. ಪಂಜರದ ಗಿಳಿಗೆ ಬಟ್ಟಲು ತುಂಬ ಕಾಳು ಹಾಕಿದರೆ ಹದಿನೈದು ನಿಮಿಷದಲ್ಲಿ ಊಟ ಮುಗಿಯಿತು. ಉಳಿದ ಹಗಲನ್ನು ಅದು ಏನು ಮಾಡಬೇಕು? ಬಟ್ಟಲನ್ನು ಕಡಿಯುತ್ತದೆ. ಬಟ್ಟಲಿಲ್ಲದಿದ್ದರೆ ಪಂಚಾಂಗ. ಏನೂ ಸಿಗದಿದ್ದರೆ ತನ್ನ ಮೈ.

ಇದು ಕೇವಲ ನಮ್ಮ ಊಹೆಯಲ್ಲ. ಅಮೆರಿಕದ ಡೇವಿಸ್ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಮೆಜಾನ್ ಗಿಳಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಆಹಾರವನ್ನು ಹುಡುಕಿ ತೆಗೆಯುವ ಅವಕಾಶ, ಹತ್ತಿ ಇಳಿಯಲು ಬಗೆಬಗೆಯ ವಸ್ತುಗಳು ದೊರೆತ ಮರಿಗಳಲ್ಲಿ ಗರಿ ಕೀಳುವ ಚಟ ತಪ್ಪಿತು. ಆಗಲೇ ಚಟ ಹತ್ತಿದ್ದವುಗಳಲ್ಲಿ ಕಡಿಮೆಯಾಯಿತು. ಆಫ್ರಿಕದ ಬೂದು ಗಿಳಿ ‘ಅಲೆಕ್ಸ್’ನ ವಿಷಯವನ್ನು ಓದುಗರಲ್ಲಿ ಹಲವರು ಕೇಳಿರಬಹುದು. ವಿಜ್ಞಾನಿ ಐರಿನ್ ಪೆಪ್ಪರ್‌ಬರ್ಗ್ ಅವರು 1977ರಿಂದ ಅದಕ್ಕೆ ಕಲಿಸುತ್ತ ಬಂದರು. 2007ರಲ್ಲಿ ಅದು ತೀರಿಕೊಳ್ಳುವ ವೇಳೆಗೆ ಬಣ್ಣ, ಆಕಾರ, ಸಣ್ಣ ಎಣಿಕೆಗಳನ್ನು ಬಾಯಿಬಿಟ್ಟು ಹೇಳುತ್ತಿತ್ತು. ಇಷ್ಟು ಬುದ್ಧಿಯಿರುವ ಜೀವವನ್ನು ಖಾಲಿ ಪಂಜರದಲ್ಲಿ ಕೂಡಿಹಾಕಿ ‘ಸುಮ್ಮನಿರು’ ಎಂದರೆ ಅದು ಹೇಗೆ ಸುಮ್ಮನಿದ್ದೀತು?

ಯಜಮಾನರಿಗೆ ಇನ್ನೊಂದು ಮಾತನ್ನೂ ಹೇಳಿದೆವು. ಹಿನ್ನೀರಿನ ದಂಡೆಗೆ ಬಿಟ್ಟು ಬರುವುದು ಬಿಡುಗಡೆಯಲ್ಲ. ಈ ಹಕ್ಕಿ ಹುಟ್ಟಿದ್ದು ಪಂಜರದಲ್ಲಿ, ಬೆಳೆದದ್ದು ಮನುಷ್ಯರ ಕೈತುತ್ತಿನಲ್ಲಿ. ಗಿಡುಗವೆಂದರೇನು, ಬೆಕ್ಕು ಎಂದರೇನು, ಇಲ್ಲಿಯ ಯಾವ ಕಾಯಿ ತಿನ್ನತಕ್ಕದ್ದು ಎಂಬುದೊಂದೂ ಅದಕ್ಕೆ ತಿಳಿಯದು. ಮನೆಮುಂದಿನ ತಂತಿಯ ಮೇಲೆ ಕುಳಿತು ಅಜ್ಜಿಯವರನ್ನು ಕೂಗುತ್ತಲೇ ಸಾಯುತ್ತದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಮತ್ತ ಏನ್ ಮಾಡೂದ್ರೀ?” ಎಂದರು.

ಮಾಡಬೇಕಾದುದಕ್ಕೆ ಪೇಟೆಯ ಸಾಮಾನು ಬೇಕಿರಲಿಲ್ಲ. ಬೀಳಗಿಯ ರೈತರ ಮನೆಯಲ್ಲಿ ಗಿಳಿಗೆ ಆಟಿಕೆಗಳ ಬರವೇ? ಹಿತ್ತಲಲ್ಲಿ ಗೋವಿನಜೋಳದ ತೆನೆಗಳಿದ್ದವು. ಮೇಲಿನ ಸಿಪ್ಪೆ ಸುಲಿಯದೆಯೇ ಒಂದು ತೆನೆಯನ್ನು ಕಂಬಿಗೆ ಕಟ್ಟಿದೆವು. ಬಂಗಾರಿ ಮೊದಲು ಹೆದರಿ ಹಿಂದೆ ಸರಿಯಿತು. ಆಮೇಲೆ ಒಂದು ಕಣ್ಣಿನಿಂದ ನೋಡಿತು, ಇನ್ನೊಂದು ಕಣ್ಣಿನಿಂದ ನೋಡಿತು. ಒಂದು ಎಳೆ ಎಳೆಯಿತು. ಮುಂದಿನ ಮುಕ್ಕಾಲು ಗಂಟೆ ಪಡಸಾಲೆಯಲ್ಲಿ ಸಿಪ್ಪೆ ಹರಿಯುವ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಅಷ್ಟು ಹೊತ್ತು ಆ ಮನೆಯಲ್ಲಿ ನಿಶ್ಶಬ್ದವನ್ನು ಕೇಳಿ ಎರಡು ತಿಂಗಳಾಗಿತ್ತಂತೆ.

ಅಂದಿನಿಂದ ಅವರು ಅನುಸರಿಸಿದ ಕ್ರಮ ಹೀಗಿದೆ. ಕಾಳಿನ ಬಹುಭಾಗವನ್ನು ಬಟ್ಟಲಲ್ಲಿ ಇಡುವುದಿಲ್ಲ. ಬಳಸದ ಮುತ್ತಲ ಎಲೆಯನ್ನು ತೊಳೆದು ಪೊಟ್ಟಣ ಕಟ್ಟಿ ಅದರೊಳಗೆ ನಾಲ್ಕು ಕಾಳು. ತೆಂಗಿನ ಚಿಪ್ಪಿಗೆ ರಂಧ್ರ ಕೊರೆದು ಒಳಗೆ ಒಂದು ಪೇರಲ ಹೋಳು, ಮೇಲೆ ಸಿಪ್ಪೆಯ ತುರುಕು. ಸಣ್ಣ ಬಿದಿರು ಬುಟ್ಟಿಯಲ್ಲಿ ಒಣಗಿದ ತೆನೆಯ ದಿಂಡುಗಳ ನಡುವೆ ಸಿಪ್ಪೆಸಮೇತ ಎರಡು ಶೇಂಗಾ. ಸೂರ್ಯಪಾನದ ತೆನೆಯ ಒಂದು ತುಂಡು ಸಿಕ್ಕ ದಿನ ಬಂಗಾರಿಗೆ ಹಬ್ಬ. ನುಗ್ಗೆಕಾಯಿಯನ್ನೂ ಹಸಿಮೆಣಸಿನಕಾಯಿಯನ್ನೂ ಇಡಿಯಾಗಿಯೇ ಸಿಕ್ಕಿಸುತ್ತಾರೆ. ಮೆಣಸಿನ ಖಾರ ಪಕ್ಷಿಗಳ ನಾಲಗೆಗೆ ಹತ್ತುವುದಿಲ್ಲವೆಂಬುದು ನಿಮಗೆ ತಿಳಿದಿರಲಿ. ಕೂರುವ ಅಡ್ಡಕೋಲಿಗೆ ನುಣುಪಾದ ಪ್ಲಾಸ್ಟಿಕ್ ಕೊಳವೆಯ ಬದಲು ದಪ್ಪ ಸಣ್ಣ ಇರುವ ಬೇವಿನ ಅಥವಾ ಪೇರಲದ ಟೊಂಗೆ. ಅದನ್ನೂ ಕಡಿಯುತ್ತದೆ, ಕಡಿಯಲಿ, ಅದು ಇರುವುದೇ ಕಡಿಯಲಿಕ್ಕೆ. ಹಾಳಾದರೆ ಇನ್ನೊಂದು ಟೊಂಗೆ.

ಎಲ್ಲವನ್ನೂ ಒಮ್ಮೆಗೇ ತೂಗುಹಾಕಬಾರದು. ಮೂರು ನಾಲ್ಕು ವಸ್ತು ಸಾಕು. ವಾರಕ್ಕೆರಡು ಸಲ ಬದಲಿಸಿದರೆ ಹಳೆಯದೂ ಹೊಸದಾಗುತ್ತದೆ. ಹೆದರುವ ಹಕ್ಕಿಯಾದರೆ ಹೊಸ ವಸ್ತುವನ್ನು ಎರಡು ದಿನ ಪಂಜರದ ಹೊರಗೆ ಇಟ್ಟು ಆಮೇಲೆ ಒಳಗೆ ಕೊಡಬೇಕು.

ಕೆಲವು ಎಚ್ಚರಿಕೆಗಳನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಕಣಗಿಲದ ಕೊಂಬೆ ವಿಷ; ಅದನ್ನು ಪಂಜರದ ಹತ್ತಿರವೂ ತರಬಾರದು. ಬೂಷ್ಟು ಹಿಡಿದ ಶೇಂಗಾ, ಚಹಾ, ಕಾಫಿ, ಚಾಕೊಲೇಟು, ಉಳ್ಳಾಗಡ್ಡಿ, ಉಪ್ಪಿನ ಕುರುಕಲು ಇವು ಕೂಡದು. ಎಳೆ ಬಿಚ್ಚಿಕೊಂಡ ದಾರ ಕಾಲಿಗೆ ಸುತ್ತಿ ಬೆರಳು ಕಳೆದುಕೊಂಡ ಗಿಳಿಗಳುಂಟು. ಸತು ಲೇಪಿಸಿದ ತಂತಿಯನ್ನೂ ಹಳೆಯ ಬಣ್ಣದ ಕಟ್ಟಿಗೆಯನ್ನೂ ಕಡಿದರೆ ಲೋಹದ ವಿಷ ಏರುತ್ತದೆ. ಅಂಟದ ಲೇಪನದ ಬಾಣಲೆ ಒಲೆಯ ಮೇಲೆ ಅತಿಯಾಗಿ ಕಾದರೆ ಹೊರಡುವ ಹೊಗೆ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಆದ್ದರಿಂದ ಪಂಜರ ಅಡುಗೆಮನೆಯಲ್ಲಿ ಇರಬಾರದು. ಪೂಜೆಯ ಕೋಣೆಯ ಬಾಗಿಲಲ್ಲೂ ಬೇಡ. ಧೂಪ, ಊದುಬತ್ತಿಗಳ ಹೊಗೆ ನಮಗೆ ಪರಿಮಳ. ಆ ಸೂಕ್ಷ್ಮ ಶ್ವಾಸಕೋಶಕ್ಕೆ ಭಾರ.

ಕೂಗಿನ ವಿಷಯವಾಗಿ ಯಜಮಾನರು ನಮ್ಮೊಡನೆ ವಾದವನ್ನೇ ಮಾಡಿದರು. ಅವರು ಪ್ರತಿ ಕೂಗಿಗೂ ಎದ್ದು ಹೋಗಿ ಗದರಿಸುತ್ತಿದ್ದರು. ಬೈಗುಳವೂ ಗಿಳಿಗೆ ಬಹುಮಾನವೇ. ಕರೆದೊಡನೆ ಮನುಷ್ಯ ಬಂದನಲ್ಲ! ಅದು ಮೆಲ್ಲಗೆ ಉಲಿದಾಗ ಉತ್ತರ ಕೊಟ್ಟು, ಕಿರುಚಿದಾಗ ಕಿವುಡರಾಗಬೇಕು. ಬೆಳಗು ಬೈಗುಗಳ ಕೂಗನ್ನಂತೂ ಸಹಿಸಲೇಬೇಕು, ಅದು ಹಿಂಡನ್ನು ಕರೆಯುವ ಹುಟ್ಟುಗುಣ. ಇನ್ನು ಆ ಪಡಸಾಲೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟಿ.ವಿ. ಧಾರಾವಾಹಿ ನಡೆಯುತ್ತಿತ್ತು. ಗಿಳಿಗೆ ಹತ್ತು ಹನ್ನೆರಡು ಗಂಟೆಗಳ ಕತ್ತಲೆಯ ನಿದ್ರೆ ಬೇಕು. ಧಾರಾವಾಹಿ ನಿಲ್ಲಲಿಲ್ಲ, ಪಂಜರವನ್ನು ಒಳಕೋಣೆಗೆ ಸಾಗಿಸಿದರು. ಅಷ್ಟಕ್ಕೇ ತೃಪ್ತಿಪಟ್ಟೆವು. ದಿನಕ್ಕೊಮ್ಮೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಒಂದು ಗಂಟೆ ಹೊರಗೆ ಬಿಡುವುದು. ಬಿಸಿಲೇರಿದ ಮೇಲೆ ಅಗಲವಾದ ತಾಟಿನಲ್ಲಿ ನೀರಿಟ್ಟು ಮೀಯಲು ಬಿಡುವುದು. ಇವೆರಡನ್ನು ಅಜ್ಜಿಯವರು ವಹಿಸಿಕೊಂಡರು. ಗರಿ ಕೀಳಲು ಬೇಸರವೊಂದೇ ಕಾರಣವಲ್ಲ; ಚರ್ಮದ ಬೇನೆಯೂ ಇರಬಹುದು. ಅಂಥ ಲಕ್ಷಣ ಕಂಡರೆ ಮೊದಲು ಪಶುವೈದ್ಯರ ಬಳಿಗೇ ಹೋಗಬೇಕು.

ಈ ಲೇಖನವನ್ನು ಓದಿ ಯಾರಾದರೂ ನಾಡಗಿಳಿಯ ಮರಿಯನ್ನು ತಂದು ಸಾಕಲು ಹೊರಟರೆ ನಮ್ಮ ಶ್ರಮ ವ್ಯರ್ಥ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಶಿಕ್ಷಾರ್ಹ ಅಪರಾಧ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ನಾಡಗಿಳಿ ಎರಡನೆಯ ಅನುಸೂಚಿಯಲ್ಲಿದೆ. ಗಾಯಗೊಂಡ ಮರಿ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಸನ್ ಕೊನ್ಯೂರ್, ಮಕಾವ್, ಆಫ್ರಿಕದ ಬೂದು ಗಿಳಿಯಂತಹ ಪರದೇಶದ ಜಾತಿಗಳನ್ನು ಇಟ್ಟುಕೊಂಡವರು 2024ರ ಫೆಬ್ರುವರಿಯ ನಿಯಮಗಳಂತೆ ಸರಕಾರದ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಬೀಳಗಿಯ ಮನೆಯವರಿಗೆ ಇದೊಂದೂ ಗೊತ್ತಿರಲಿಲ್ಲ. ಜರ್ಮನಿಯ ಮಗನಿಗೆ ಅಂದೇ ಫೋನು ಹೋಯಿತು. ಅಕ್ಕಮಹಾದೇವಿಯವರು ವಚನವೊಂದರಲ್ಲಿ ತಮ್ಮ ದೇವನ ಸುಳಿವನ್ನು ವಿಚಾರಿಸುವುದು ಗಿಳಿಗಳನ್ನೇ. ಆದರೆ ಅವು ಕಾಡಿನ ಗಿಳಿಗಳೆಂಬುದನ್ನು ನಾವು ಮರೆಯುತ್ತೇವೆ.

ಎಳ್ಳ ಅಮಾವಾಸ್ಯೆಗೆ ಅದೇ ಮನೆಯವರು ಚರಗ ಚೆಲ್ಲಲು ನಮ್ಮನ್ನು ಹೊಲಕ್ಕೆ ಕರೆದರು. ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ ಪಲ್ಯ ಮುಗಿಸಿ ಗಿಡದ ನೆರಳಲ್ಲಿ ಕುಳಿತಿದ್ದಾಗ ಹಸಿರು ಗಿಳಿಗಳ ಹಿಂಡೊಂದು ಕೂಗುತ್ತ ಬಂದು ತೆನೆಗಳ ಮೇಲೆ ಎರಗಿತು. ಆಳುಮಗ ಕವಣಿ ಬೀಸಲು ಎದ್ದ. ಯಜಮಾನರು “ತಡಿಯೋ ತಮ್ಮಾ, ಒಂದೀಟ ನೋಡೂಣು” ಎಂದು ಕೈಹಿಡಿದು ಕೂಡಿಸಿದರು. ಒಂದು ಗಿಳಿ ತೆನೆಯನ್ನು ಕಾಲಲ್ಲಿ ಹಿಡಿದು ಕಾಳು ಬಿಡಿಸುವ ಪರಿಯನ್ನು ಅವರು ಕಣ್ಣು ಕಿರಿದುಮಾಡಿ ನೋಡುತ್ತಿದ್ದರು. ಎರಡು ನಿಮಿಷದ ನಂತರ ತಾವೇ ಎದ್ದು ಕವಣಿ ಬೀಸಿದರೆನ್ನಿ, ಬೆಳೆ ಬೆಳೆಯೇ.

ಬಂಗಾರಿ ಸಂಪೂರ್ಣ ಸಾಧುವಾಗಿಲ್ಲ. ಕಾರ್ತಿಕದಲ್ಲಿ ಅಜ್ಜಿಯವರ ಹೊಸ ಚಾಳೀಸಿನ ಇನ್ನೊಂದು ಕಾಲನ್ನೂ ಮುರಿದಿದೆ. ಆದರೆ ಎದೆಯ ಗರಿಗಳು ಹಾಗೆಯೇ ಇವೆ. ಹೊಲದಿಂದ ಮರಳುವಾಗ ಯಜಮಾನರ ಹೆಗಲ ಚೀಲದಲ್ಲಿ ಐದಾರು ಹಸಿ ತೆನೆಗಳಿದ್ದವು. ಮನೆ ಮುಟ್ಟಿದೊಡನೆ ಕೈಕಾಲು ತೊಳೆದು, ಚಹಾ ಬರುವುದಕ್ಕೂ ಕಾಯದೆ, ಪಂಜರದ ಮುಂದೆ ಕುಳಿತು ಒಂದೊಂದಾಗಿ ಕಟ್ಟತೊಡಗಿದರು.